ತಾಯಿ ನಿಲ್ಲುವ ಜಾಗ

ಮಕ್ಕಳ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಶುಕ್ರವಾರ, ಮಧ್ಯಾಹ್ನ

ಮಗಳೇ,

ಪ್ರೀತಿಯ ಎಂದು ಮೊದಲು ಬರೆಯಬೇಕಿತ್ತು. ಇವತ್ತು ಕೈ ಏಳಲಿಲ್ಲ. ನಿನ್ನ ಸೊಂಟನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬಿಸ್ಕತ್ತು ನುಂಗಿಕೊಂಡೇ ಕಂಡವರ ಮಕ್ಕಳನ್ನೆಲ್ಲ ಕಾಯುತ್ತೀಯೋ? ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಷ್ಟು ಕೇಳುವುದು ಹೆತ್ತವಳ ಧರ್ಮ, ಕೇಳಿದೆ. ಇನ್ನು ಬೈಯುತ್ತೇನೆ. ಫೋನಿನಲ್ಲಾದರೆ "ರೌಂಡ್ಸಲ್ಲಿದ್ದೀನಮ್ಮಾ" ಎಂದು ಇಟ್ಟುಬಿಡುತ್ತೀ; ಕಾಗದಕ್ಕೆ ಆ ಗುಂಡಿ ಇಲ್ಲ. ಪಕ್ಕದ ಹಾಸಿಗೆಯ ಹುಡುಗನ ಅಪ್ಪ ನೀನಿರುವ ಊರಿಗೇ ಹೊರಟಿದ್ದಾನೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ನಿನ್ನ ಮಗಳು ಗುಬ್ಬಿಗೆ ಜ್ವರ ಇಳಿದಿದೆ. ಎದೆಯೊಳಗಿನ ಸದ್ದು ಮಾತ್ರ ಹಾಗೇ ಇದೆಯಂತೆ. ಹಾಲು ಬಿಡಿಸಿದ ಕೂಡಲೇ ಅವಳನ್ನು ನನ್ನ ಮಡಿಲಿಗೆ ಹಾಕಿ ಮಕ್ಕಳ ಡಾಕ್ಟರಾಗಲು ಹೋದೆಯಲ್ಲ, ಅದಕ್ಕೆ ನಾನೇನೂ ಅನ್ನುವುದಿಲ್ಲ. ಅಳಿಯ ಹಡಗಿನಲ್ಲಿದ್ದಾನೆ, ಅವನನ್ನು ಬೈದರೆ ಸಮುದ್ರವನ್ನು ಬೈದ ಹಾಗೆ. ಹಾಗಾಗಿ ಉಳಿದವಳು ನೀನೇ. ಇಲ್ಲಿಯೂ ನಿನ್ನಂಥ ಕಲಿಯುವ ಡಾಕ್ಟರುಗಳ ಹಿಂಡೇ ಇದೆ. ಬೆಳಿಗ್ಗೆ ದೊಡ್ಡ ಡಾಕ್ಟರ ಬೆನ್ನಿಗೆ ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತಾರೆ. ಮಗುವಿನ ತಾಯಿಯೋ ತಂದೆಯೋ ಜೊತೆಗೆ ನಿಂತು ಕೇಳಲಿ, ಹೇಳಲಿ ಎಂದು ದೊಡ್ಡವರ ಅಪ್ಪಣೆ. ಚಿಕ್ಕವರಿಗೆ ಅದು ಗಂಟಲ ಮುಳ್ಳು. ನಿನ್ನೆ ದೊಡ್ಡವರು ಬರುವ ಮೊದಲೇ ಒಬ್ಬ ಬಂದ. ಸದಾ ಪೆನ್ನು ಕಚ್ಚುತ್ತಿರುತ್ತಾನೆ, ನಾನು ಅವನಿಗೆ ಇಟ್ಟ ಹೆಸರೂ ಅದೇ. "ನೀವು ಅಜ್ಜಿ ತಾನೇ? ತಾಯಿ ಆದ್ರೆ ನಿಲ್ಬಹುದು. ಅಜ್ಜಿ ಹೊರಗೆ" ಎಂದ. ಗುಬ್ಬಿಯ ಬೆರಳು ಬಿಡಿಸಿಕೊಂಡು ಹೊರಗೆ ಹೋದೆ. ಬಾಗಿಲ ಗಾಜಿನಲ್ಲಿ ಇಣುಕಿದರೆ ಬರೀ ಬಿಳಿ ಬೆನ್ನುಗಳು, ನಡುವೆ ಮಗು ಕಾಣಲೇ ಇಲ್ಲ. ದೇವರ ಮುಂದೆ ನಿಂತಾಗ ಸಹ ನೀನು ಮಗುವಿಗೆ ಏನಾಗಬೇಕು ಎಂದು ನನ್ನನ್ನು ಯಾರೂ ಕೇಳಿಲ್ಲ ತಾಯೀ.

ಆಮೇಲೆ ಕೈ ತೊಳೆಯುವಲ್ಲಿ ಆ ಚಿಕ್ಕ ಡಾಕ್ಟರುಗಳ ಮಾತು ಕಿವಿಗೆ ಬಿತ್ತು. "ಮನೆಯವ್ರು ನಿಂತ್ರೆ ನಂಗೆ ಮಾತೇ ಹೊರಡಲ್ಲ ಕಣೇ. ಸರ್ ಕೇಳಿದ್ದಕ್ಕೆ ತಡವರಿಸಿದ್ರೆ, ಆಮೇಲೆ ಅವ್ರು ನನ್ನ ಕೈಗೆ ಮಗೂನ ಕೊಡ್ತಾರಾ?" ಎಂದ ಪೆನ್ನು ಕಚ್ಚುವವನು. "ಹಂಗಾದ್ರೆ ಓದ್ಕೊಂಡು ಬಾ. ಮನೆಯವ್ರನ್ನ ಯಾಕೆ ಓಡಿಸ್ತೀಯ?" ಎಂದಳು ಉದ್ದ ಜಡೆಯವಳು. ಆ ಜಡೆಗೆ ದೇವರು ಒಳ್ಳೆಯದು ಮಾಡಲಿ. ಅವನ ಮಾತು ನನಗೆ ಹೊಸದಲ್ಲ. ಕಳೆದ ಸಲ ಬಂದಾಗ ನನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕುಳಿತು ನೀನೇ ಹೇಳಿದ್ದೆ: "ಮನೆಯವ್ರು ಸುತ್ತ ನಿಂತ್ರೆ ನಾವು ಕಲಿಯೋದು ಯಾವಾಗಮ್ಮಾ? ಒಂದು ಹೇಳಿದ್ರೆ ಹತ್ತು ಕೇಳ್ತಾರೆ. ಅಳ್ತಾರೆ." ನೀನು ಹೊರಗೆ ಕಳಿಸುವ ಹೆಂಗಸರು ಎಲ್ಲಿ ನಿಲ್ಲುತ್ತಾರೆಂದು ಎಂದಾದರೂ ತಿರುಗಿ ನೋಡಿದ್ದೀಯಾ? ನೆಲ ಒರೆಸುವ ಮಾಪು ಒರಗಿಸುವ ಮೂಲೆಯಲ್ಲಿ. ಯಾರಾದರೂ ಬಾಗಿಲು ತಳ್ಳಿದಾಗಲೆಲ್ಲ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಅಲ್ಲಿಯೂ ಅಳುತ್ತಾರೆ. ನಿಮಗೆ ಕೇಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ದೇವರು ನಿನಗೆ ಆಯುಸ್ಸು ಕೊಡಲಿ. ಕೈಲಾದರೆ ಬುದ್ಧಿಯನ್ನೂ ಕೊಡಲಿ.

ಸಿಟ್ಟು ಇಳಿಯದ
ನಿನ್ನ ಅಮ್ಮ

ತಾ.ಕ.: ಕಾಗದ ಒಯ್ಯುವವನು ಚಪ್ಪಲಿ ಮೆಟ್ಟುತ್ತಿದ್ದಾನೆ. ಇವತ್ತು ನಾನು ಹೊರಗೆ ಹೋಗುವ ಮೊದಲೇ ದೊಡ್ಡ ಡಾಕ್ಟರು ಬಂದುಬಿಟ್ಟರು. "ಅಮ್ಮ ಎಲ್ಲಿ ಮರಿ?" ಎಂದು ಗುಬ್ಬಿಯನ್ನು ಕೇಳಿದರು. ಅವಳು ನನ್ನ ಕಡೆ ಬೆರಳು ತೋರಿಸಿದಳು. ಪೆನ್ನು ಕಚ್ಚುವವನು ನನ್ನ ಮುಖ ನೋಡಿದ, ನೆಲ ನೋಡಿದ, ಅಜ್ಜಿ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಆಪರೇಷನ್ ಬೇಕೋ ಬೇಡವೋ ಸೋಮವಾರದ ಸುತ್ತಿನಲ್ಲಿ ತೀರ್ಮಾನಿಸುತ್ತಾರಂತೆ. ಬಸುರಿನಲ್ಲಿ ಜ್ವರ ಬಂದಿತ್ತೇ, ಯಾವ ಮಾತ್ರೆ ನುಂಗಿದಿರಿ, ಹುಟ್ಟಿದ ಕೂಡಲೇ ಮಗು ಅತ್ತಿತೇ, ಎಲ್ಲ ನೆನಪು ಮಾಡಿಕೊಂಡಿರಿ ಎಂದು ನನಗೆ ಹೇಳಿ ಹೋಗಿದ್ದಾರೆ. ಗುಬ್ಬಿ ಹುಟ್ಟಿದಾಗ ನಾನು ನಿನ್ನ ಹತ್ತಿರ ಇರಲಿಲ್ಲ. ನನಗೆ ಗೊತ್ತಿರುವ ಹೆರಿಗೆ ನೀನು ಹುಟ್ಟಿದ್ದೊಂದೇ. ಸೋಮವಾರ ಸುತ್ತು ಶುರುವಾಗುವ ಮೊದಲು ಬಂದು ನನ್ನ ಜಾಗದಲ್ಲಿ ನಿಲ್ಲು. ನಾನು ಮಾಪಿನ ಮೂಲೆಗೆ ಹೋಗುತ್ತೇನೆ.