ಸಾವಿನ ಮನೆಯ ಗೇಟಿಗೆ ಡೇಟಾ ಸೆಂಟರಿನ ನೋಟಿಸು

ಯೋಜನಾ ಖಾತೆಯ ಮಾನ್ಯ ಸಚಿವರೇ,

ಡೇಟಾ ಸೆಂಟರ್‌ಗಳಿಗೆ ಡಬ್ಲಿನ್‌ನಲ್ಲಿ ಕರೆಂಟು ಸಾಲದು, ಅವು ಗಾಳಿಯಂತ್ರಗಳಿರುವ ಹಳ್ಳಿಗಾಡಿಗೆ ಹೋಗಲಿ ಎಂದು ನಿಮ್ಮ ಹೊಸ ನೀತಿ ಅಪ್ಪಣೆ ಕೊಡಿಸಿತು. ಒಂದು ನಮ್ಮ ಆಫಲಿ ಜಿಲ್ಲೆಗೇ ಬಂದು, ನಮ್ಮ ಬೇಲಿಯಾಚೆ ಎದ್ದು ನಿಂತಿದೆ. ಬೇಲಿಯೀಚೆ, ನಮ್ಮದೇ ಹೊಲದಲ್ಲಿ, ನನ್ನ ಮಗಳು ಓರ್ಲಾ ಒಂದು ಪುಟ್ಟ ಮನೆ ಕಟ್ಟಿಕೊಳ್ಳಲು ಮಾತ್ರ ನಿಮ್ಮವರು ಬಿಡಲಿಲ್ಲ. ಬಯಲಿನ ಅಂದ ಕೆಡುತ್ತದಂತೆ! ಹಳ್ಳಿಯಲ್ಲಿ ಮನೆ ಕಟ್ಟುವವರು ಆ ಊರಿನವರೇ ಆಗಿರಬೇಕೆಂಬ ನಿಮ್ಮ ನಿಯಮದಂತೆ, ತಾನು ಈ ಊರಿನವಳೆಂದು ತೋರಿಸಲು ಅವಳು ಶಾಲೆಯ ಪತ್ರ, ಪಾದ್ರಿಗಳ ಪತ್ರ ಎಲ್ಲವನ್ನೂ ಒಪ್ಪಿಸಿದ್ದಳು. ಕೇಳುತ್ತೇನೆ, ಆ ಯಂತ್ರಗಳಿಗೆ ನಮ್ಮ ಯಾವ ಚರ್ಚಿನಲ್ಲಿ ನಾಮಕರಣವಾಗಿತ್ತು? ಓರ್ಲಾ ಈಗ ಗಂಡ, ಇಬ್ಬರು ಮಕ್ಕಳೊಂದಿಗೆ ನನ್ನ ಅಂಗಳದಲ್ಲಿ, ಗಾಲಿಗಳ ಮೇಲಿನ ಕ್ಯಾರವಾನಿನಲ್ಲಿ ದಿನ ದೂಡುತ್ತಿದ್ದಾಳೆ.

ಸ್ಥಳೀಯರು ಆಕ್ಷೇಪಿಸಲೇ ಇಲ್ಲವಲ್ಲ ಎನ್ನುತ್ತೀರಿ. ನಿಜ. ಈ ಹೊಲದಲ್ಲಿ ಡೇಟಾ ಸೆಂಟರ್ ಕಟ್ಟಲು ಅರ್ಜಿ ಬಂದಿದೆ, ಆಕ್ಷೇಪವಿದ್ದರೆ ಗಡುವಿನೊಳಗೆ ಬರೆದು ತಿಳಿಸಿ ಎಂಬ ನೋಟಿಸು ನೆರೆಯ ಡೇಲಿಯವರ ಗೇಟಿನಲ್ಲಿ ಕಂಡ ವಾರವೇ ಆ ಮನೆಯ ಯಜಮಾನರು ತೀರಿಕೊಂಡರು. ಊರೆಲ್ಲ ಸಾಲುಗಟ್ಟಿ, ಆ ನೋಟಿಸನ್ನು ದಾಟಿಕೊಂಡೇ ಒಳಹೋಗಿ, ಅವರ ಹೆಂಡತಿ ಕನ್ಸೆಪ್ಟಾಳ ಕೈ ಹಿಡಿದು ಸಮಾಧಾನ ಹೇಳಿ, ಟೀ ಕುಡಿದು ಬಂದೆವು. ನಾನು ಮೆಲ್ಲಗೆ ವಿಷಯ ಎತ್ತಿದ್ದಕ್ಕೆ ಪಕ್ಕದ ಹೊಲದ ಫಿಂಟನ್ ಗದರಿದ: "ಗಂಡ ಸತ್ತ ಮನೇಲಿ ಹೊಲದ ಮಾತಾ? ತೆಪ್ಪಗಿರು ಡಿಂಪ್ನಾ. ಚರ್ಚಲ್ಲಿ ಅವರ ತಿಂಗಳ ಪೂಜೆ ಮುಗೀಲಿ, ಆಮೇಲೆ ಎಲ್ರೂ ಸೇರಿ ಬರೆದ್ರಾಯ್ತು."

ಮುಗಿಯಲಿ ಎಂದೇ ಎಲ್ಲರೂ ಕಾದೆವು. ನಿಮ್ಮ ಗಡುವಿಗೆ ಸೂತಕವೆಲ್ಲಿಯದು? ಪೂಜೆ ಮುಗಿಸಿಕೊಂಡು ಆಕ್ಷೇಪಣೆ ಹಿಡಿದು ನಿಮ್ಮ ಕಚೇರಿಗೆ ಹೋದರೆ, ಕಾಲ ಮೀರಿತು ಎಂದು ನಗುನಗುತ್ತಲೇ ಸಾಗಹಾಕಿದರು.

ಕಟ್ಟಡ ಎದ್ದ ಮೇಲೆ ಒಂದು ದಿನ ಕನ್ಸೆಪ್ಟಾ ನಮ್ಮ ಅಡುಗೆಮನೆಯಲ್ಲಿ ಕೂತು ಕೇಳಿದಳು: "ನೀವ್ಯಾರೂ ಬೇಡ ಅನ್ಲಿಲ್ವಲ್ಲೇ! ಊರಿಗೇ ಬೇಕಾಗಿದೆ ಅಂದ್ಕೊಂಡು ಸಹಿ ಹಾಕ್ಬಿಟ್ಟೆ. ಒಬ್ರು, ಒಬ್ರೇ ಒಬ್ರು ಬಾಯಿ ಬಿಟ್ಟಿದ್ರೂ ನಾನು ಮಾರ್ತಿರ್ಲಿಲ್ಲ ಕಣೇ." ಅವಳನ್ನು ಬೈಯಲೇ? ಫಿಂಟನ್‌ನನ್ನು ಬೈಯಲೇ? ಇಬ್ಬರೂ ಅತ್ತೆವು, ಅಷ್ಟೇ. ನಮ್ಮ ಕೈಯಲ್ಲಿ ಇನ್ನೇನಿದೆ?

ಕಳೆದ ವಾರ ಓರ್ಲಾಳ ಎರಡನೆಯ ಅರ್ಜಿಯೂ ತಿರಸ್ಕೃತವಾಯಿತು. ಈ ಸಲ ಬಯಲಿನ ಅಂದದ ಸುದ್ದಿಯೇ ಇಲ್ಲ. ಪಕ್ಕದ ಡೇಟಾ ಸೆಂಟರಿನ ಗುಂಯ್‌ಗುಡುವಿಕೆಯಿಂದಾಗಿ ಆ ಜಾಗ ವಾಸಕ್ಕೆ, ಅದರಲ್ಲೂ ಮಕ್ಕಳ ನಿದ್ದೆಗೆ, ಯೋಗ್ಯವಲ್ಲವಂತೆ. ನಿಮ್ಮ ಕಾಳಜಿಗೆ ಕೈಮುಗಿಯಬೇಕು. ಕ್ಯಾರವಾನ್ ನಿಂತಿರುವುದು ಆ ಜಾಗಕ್ಕಿಂತಲೂ ಹತ್ತಿರದಲ್ಲಿ, ಮಾನ್ಯರೇ.

ಕಟ್ಟಿದ್ದನ್ನು ನೀವು ಕೆಡವುವುದಿಲ್ಲವೆಂದು ಬಲ್ಲೆ. ಯಂತ್ರಗಳು ಎಲ್ಲೆಲ್ಲಿರಬೇಕೆಂದು ಅಷ್ಟುದ್ದ ಬರೆದಿದ್ದೀರಲ್ಲ, ಆ ಇಬ್ಬರು ಮಕ್ಕಳು ಎಲ್ಲಿ ಮಲಗಬೇಕೆಂದು ಅದರಲ್ಲೇ ಇನ್ನೊಂದು ಸಾಲು ಬರೆದುಬಿಡಿ.

ಇಂತಿ,
ಆಡಬೇಕಾದಾಗ ಬಾಯಿ ಮುಚ್ಚಿಕೊಂಡಿದ್ದವರಲ್ಲೊಬ್ಬಳು,
ಡಿಂಪ್ನಾ ಗಿನನ್