ಮೂರು ಮನೆ ಎಂದು ಬರೆದುಕೊಳ್ಳಿ

ಉಮ್ಕೊಮಾಜಿ ಹೊಳೆಯ ಮೇಲ್ದಂಡೆ, ನಟಾಲ್
೪ ಆಗಸ್ಟ್ ೧೮೮೭

ನನ್ನ ಫಿಕಿಲೆಯ ಅಪ್ಪನಿಗೆ, ದೂರದಿಂದಲೇ ತಲೆಬಾಗಿ ಬರೆಯುವುದು.

ಹೇಗಿದ್ದೀರಿ? ಗಣಿಯ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರಾ, ಇಲ್ಲ ಬರೀ ಒಣ ಜೋಳದ ಹಿಟ್ಟು ಮುಕ್ಕಿ ಮಲಗುತ್ತೀರಾ? ಕಿಂಬರ್ಲಿಯ ಚಳಿ ಮೂಳೆ ಕೊರೆಯುತ್ತದೆಂದು ಅಲ್ಲಿಂದ ಬಂದವರು ಹೇಳುತ್ತಾರೆ. ಫಿಕಿಲೆ ಚೆನ್ನಾಗಿದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ. ನಿಮ್ಮ ತಮ್ಮನ ಹೆಂಡತಿಯೂ ಅವಳ ಕೂಸೂ ಆರಾಮ. ನಿಮ್ಮ ತಮ್ಮ ಡರ್ಬನ್ನಿನ ಹಡಗುಕಟ್ಟೆಯಿಂದ ಇನ್ನೂ ಬಂದಿಲ್ಲ. ಕೆಂಪು ಹಸು ಕರು ಹಾಕಿದೆ, ಹೆಣ್ಣುಗರು.

ಸೊಲೊಮನ್ ಅಣ್ಣಾ, ಈ ಕಾಗದವನ್ನು ಇವರಿಗೆ ನೀವೇ ಓದಿ ಹೇಳುತ್ತೀರೆಂದು ಗೊತ್ತು. ಇಲ್ಲಿ ಸ್ವಲ್ಪ ನಿಲ್ಲಿಸಿ. ಸುತ್ತ ಜನ ಇದ್ದರೆ ಎದ್ದು ಆಚೆ ಹೋಗಿ, ಇವರನ್ನು ಎಲ್ಲಾದರೂ ಕೂರಿಸಿ. ಕೂತರಾ? ಹಾಗಾದರೆ ಮುಂದೆ ಓದಿ.

ಅಪ್ಪ ಹೋಗಿಬಿಟ್ಟರು. ನಿಮ್ಮ ಅಪ್ಪ, ನನ್ನ ಮಾವ. ಹುಣ್ಣಿಮೆ ಕಳೆದ ಮೇಲೆ ದನದ ದೊಡ್ಡಿಯ ಬಾಗಿಲ ಪಕ್ಕದಲ್ಲಿ, ಮನೆಯ ಯಜಮಾನನಿಗೆ ಸಲ್ಲುವ ಜಾಗದಲ್ಲೇ ಮಣ್ಣು ಮಾಡಿದೆವು. ನೀವು ಕಳಿಸಿದ ಕಂಬಳಿಯನ್ನೇ ಹೊದಿಸಿದೆವು. ಬದುಕಿದ್ದಾಗ ಒಂದು ದಿನವೂ ಹೊದೆಯಲಿಲ್ಲ ಮಾರಾಯರು. ಮಡಿಸಿ ನಶ್ಯದ ಬುರುಡೆಯ ಜೊತೆಗೆ ಇಟ್ಟುಕೊಂಡಿದ್ದರು. "ಅವನು ಬಂದ ದಿನ ಹೊದ್ಕೊಂಡು ಎದುರಿಗೆ ಹೋಗ್ತೀನಿ, ಹಳೇದು ಮಾಡಿ ತೋರಿಸೋಕಾಗುತ್ತಾ?" ಎನ್ನುತ್ತಿದ್ದರು.

ಹೇಗಾಯಿತು ಎಂದು ನೀವು ಕೇಳೇ ಕೇಳುತ್ತೀರಿ. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ. ನಿಮ್ಮ ಹಿಂದಿನ ಕಾಗದ ಬಂತಲ್ಲ, ಎರಡು ಮನೆಯ ಕಂದಾಯಕ್ಕೆ ದುಡ್ಡು ಕೂಡಿದೆ, ಮೂರನೆಯದರ ಹದಿನಾಲ್ಕು ಶಿಲಿಂಗ್ ಇನ್ನೂ ಕೂಡಿಲ್ಲ, ಅದಕ್ಕಾಗಿ ಇನ್ನಷ್ಟು ಕಾಲ ಇಲ್ಲೇ ನಿಲ್ಲುತ್ತೇನೆ ಎಂದು, ಅದನ್ನು ನಾನೇ ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ಅಪ್ಪ ದೊಡ್ಡಿಯ ಬೇಲಿಗೆ ಒರಗಿ ಕೇಳಿಸಿಕೊಂಡರು. ಮಾರನೆಯ ವಾರ ಹೊಳೆಯಾಚೆಯಿಂದ ಸುದ್ದಿ ಬಂತು. ಮನೆ ಎಣಿಸುವ ದೊರೆ ಆ ತಿಂಗಳೇ ನಮ್ಮ ದಂಡೆಗೆ ಬರುತ್ತಾನಂತೆ, ಕಣ್ಣಿಗೆ ಕಂಡ ಪ್ರತಿ ಮನೆಗೂ ಕಂದಾಯ ಹಾಕುತ್ತಾನಂತೆ. ಬಯಲಿನ ಜನವೆಲ್ಲ ತಮ್ಮ ಹುಲ್ಲುಮನೆಗಳನ್ನು ಕೀಳತೊಡಗಿದರು. ಎಣಿಕೆ ಮುಗಿಯುವವರೆಗೆ ನಾಲ್ಕು ಮನೆಯವರು ಒಂದರಲ್ಲಿ ಮಲಗುವುದು, ದೊರೆ ಹೋದ ಮೇಲೆ ಮತ್ತೆ ಕಟ್ಟಿಕೊಳ್ಳುವುದು.

ನಾವಿಬ್ಬರು ಸೊಸೆಯರು ಒಂದೇ ಮನೆಯಲ್ಲಿ ಇರುತ್ತೇವೆ, ನನ್ನದನ್ನು ಕಿತ್ತುಬಿಡಿ ಎಂದು ಹೇಳಿ ಕಳಿಸಿದೆ. ಮಾವನ ಎದುರು ನಿಂತು ಮಾತಾಡುವಂತಿಲ್ಲವಲ್ಲ, ನಮ್ಮ ನಡುವೆ ಓಡಾಡುತ್ತಿದ್ದವಳು ಫಿಕಿಲೆಯೇ. ಅವಳು ಉತ್ತರ ತಂದಳು. "ನಿಮ್ಮಮ್ಮಂಗೆ ಹೇಳು ಪುಟ್ಟೀ, ಅವಳನ್ನ ಹಸು ಕೊಟ್ಟು ತಂದಿದ್ದು ಮನೆ ಕಟ್ಟಿಕೊಡ್ತೀನಿ ಅಂತ. ಕಿತ್ತುಹಾಕಿದ್ರೆ ಅವಳಪ್ಪನ ಮುಖ ಹೆಂಗೆ ನೋಡಲಿ?" ಹಾಗೆಂದವರು ಬೆಳಗಾಗುವಷ್ಟರಲ್ಲಿ ತಮ್ಮ ಮನೆಯ ಹುಲ್ಲನ್ನೇ ಎಳೆದುಹಾಕುತ್ತಿದ್ದರು. ದೊಡ್ಡ ಮನೆ, ತೀರಿಹೋದ ಹಿರಿಯರು ಬಂದು ಕೂರುವ ಮನೆ! ಪಕ್ಕದ ಮುದುಕಿ ಎದೆ ಬಡಿದುಕೊಂಡು ಬಂದಳು. "ನಿಂಗೇನು ತಲೆ ಕೆಟ್ಟಿದೆಯೇನೋ? ಹಿರಿಯರು ಎಲ್ಲಿ ಹೋಗ್ಬೇಕು?" ಇವರು ನಶ್ಯ ಏರಿಸಿ ನಕ್ಕರು. "ಕೇಳಿದೀನಿ ಕಣಕ್ಕಾ. ನಾಲ್ಕು ದಿನ ದೊಡ್ಡೀಲಿ ಇರ್ತೀವಿ ಅಂದ್ರು. ಅವರೂ ದನ ಕಾಯ್ದೋರೇ ಅಲ್ವಾ? ಒಂದು ಮನೆ ಕಮ್ಮಿಯಾದ್ರೆ ನನ್ನ ಹುಡುಗ ಚಳಿ ಮುಗಿಯೋ ಮೊದ್ಲೇ ಬರ್ತಾನೆ."

ಅವರಿಗೆ ಹೋಗಲು ಬೇರೆ ಮನೆಯೇ ಇರಲಿಲ್ಲ, ನೋಡಿ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಉಳಿದ ಎರಡೂ ಸೊಸೆಯರ ಮನೆ, ಅಲ್ಲಿ ಮಾವ ಕಾಲಿಡುವಂತಿಲ್ಲ. ನೆರೆಯವರ ಮನೆಗಳು ತುಂಬಿ ತುಳುಕುತ್ತಿದ್ದವು, ಆದರೂ ಬಾ ಎಂದರು. "ಯಜಮಾನ ಊರೋರ ಮನೇಲಿ ಬಿದ್ಕೊಂಡ್ರೆ ದನ ಯಾರು ನೋಡ್ತಾರೆ?" ಎಂದು ದೊಡ್ಡಿಯ ಪಕ್ಕ ನಾಲ್ಕು ಕೋಲಿಗೆ ಹುಲ್ಲು ಒರಗಿಸಿ ಅದರ ಕೆಳಗೆ ಮಲಗಿದರು. ನಾಲ್ಕೇ ದಿನವೆಂದು ನಾವೂ ಸುಮ್ಮನಾದೆವು. ದೊರೆ ಬರಲಿಲ್ಲ. ಅವನಿಗೆ ಜ್ವರವಂತೆ. ಆಮೇಲೆ ಆಚೆ ದಂಡೆಯ ಲೆಕ್ಕ ಮುಗಿದಿಲ್ಲವಂತೆ. ದಿನವೂ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿರುತ್ತಿತ್ತು, ಇವರು ಕೈ ಉಜ್ಜಿಕೊಳ್ಳುತ್ತಾ, "ನಾಳೆ ಬರ್ತಾನೆ ಬಿಡು" ಎನ್ನುತ್ತಿದ್ದರು. ತಿಂಗಳು ತುಂಬಿತು, ಕೆಮ್ಮು ಎದೆಗಿಳಿಯಿತು. ಫಿಕಿಲೆಯ ಕೈಯಲ್ಲಿ ಬಿಸಿ ಗಂಜಿ ಕಳಿಸುತ್ತಿದ್ದೆ, ಜೊತೆಗೆ, "ಒಳಗೆ ಬನ್ನಿ ತಾತ, ಅಮ್ಮ ಚಿಕ್ಕಮ್ಮನ ಮನೇಲಿ ಮಲಗ್ತಾಳಂತೆ" ಎಂದು ಹೇಳಿಸುತ್ತಿದ್ದೆ. ಗಂಜಿ ಕುಡಿಯುತ್ತಿದ್ದರು, ಮಾತಿಗೆ ಮಾತ್ರ ಬೇಡವೆಂದು ತಲೆಯಾಡಿಸಿಬಿಡುತ್ತಿದ್ದರು.

ಕೊನೆಗೆ ಏಳಲಾರದಾದಾಗ ನೆರೆಯ ಗಂಡಸರು ಎತ್ತಿಕೊಂಡು ನನ್ನ ಮನೆಯ ಬಾಗಿಲಿಗೆ ತಂದರು. ಆಗಲೂ ಮಗುವನ್ನು ಕರೆದು, "ನಿಮ್ಮಮ್ಮ ಆಚೆ ಬಂದಳೇನೋ ನೋಡು, ಆಮೇಲೆ ಒಳಗೆ ಹೋಗೋಣ" ಎಂದರು. ನಾನು ಬಂದು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತೆ. ನಾನು ಹೊರಗೆ, ಅವರು ಒಳಗೆ. ಉಸಿರು ನಿಂತದ್ದು ನನಗೆ ಕೇಳಿಸಿತು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಮಗಳಂತೆ ನೋಡಿಕೊಂಡವರ ಮುಖವನ್ನು ನಾನು ಸರಿಯಾಗಿ ನೋಡಿದ್ದು, ಕಂಬಳಿ ಸುತ್ತುವಾಗ. ನಿಮ್ಮದೇ ಹುಬ್ಬು. ನನಗೆ ಗೊತ್ತೇ ಇರಲಿಲ್ಲ.

ನೀವು ಆ ಕಾಗದ ಬರೆಸಿದ್ದಕ್ಕೇ ಹೀಗಾಯಿತು ಎಂದುಕೊಂಡು ಅಲ್ಲಿ ಕೂತು ಕೊರಗಬೇಡಿ. ನಾನೂ ಬೇಡ ಬೇಡವೆಂದರೂ ಅದನ್ನೇ ಯೋಚಿಸುತ್ತೇನೆ, ಆಮೇಲೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಪಾತ್ರೆ ಕುಕ್ಕುತ್ತೇನೆ. ನಮ್ಮ ಕೈಯಾರೆ ಕಡ್ಡಿ ತಂದು, ಹುಲ್ಲು ಹೊದಿಸಿ ಕಟ್ಟಿಕೊಂಡ ಮನೆ. ಅದರಲ್ಲಿ ಮಲಗುವುದಕ್ಕೆ ಇನ್ಯಾರಿಗೋ ದುಡ್ಡು ಯಾಕೆ ಕೊಡಬೇಕು ಎಂದು ಅಪ್ಪ ಕೇಳುತ್ತಿದ್ದರು. ನನಗೆ ಅಕ್ಷರ ಕಲಿಸಿದ ಮಿಷನ್ನಿನಲ್ಲೂ ಅದಕ್ಕೆ ಉತ್ತರ ಹೇಳಿಕೊಟ್ಟಿಲ್ಲ.

ಫಿಕಿಲೆ ದಿನವೂ ದೊಡ್ಡಿಯ ಬಾಗಿಲಿಗೆ ಹೋಗಿ, ಅಮ್ಮ ಏನು ಅಡುಗೆ ಮಾಡಿದ್ದಾಳೆಂದು ತಾತನಿಗೆ ಹೇಳಿ ಬರುತ್ತಾಳೆ. ಬೇಡ ಎನ್ನಲು ನನಗೆ ಮನಸ್ಸಿಲ್ಲ. ಸೊಲೊಮನ್ ಅಣ್ಣನಿಗೂ ನಿಮ್ಮ ಜೊತೆಯ ನಮ್ಮೂರಿನವರಿಗೂ ನಮಸ್ಕಾರ ಹೇಳಿ. ಹಿರಿಯರು ನಿಮ್ಮ ತಲೆ ಕಾಯಲಿ.

ನಿಮ್ಮ ಮನೆಯವಳು,
ಮಾಶೆಜಿ

ಇನ್ನೊಂದು ಮಾತು: ಕಾಗದ ಒಯ್ಯುವವನು ಅಂಗಳದಲ್ಲೇ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎಣಿಸುವ ದೊರೆ ಈಗಷ್ಟೇ ಬಂದು ಹೋದ. ಕುದುರೆ ಇಳಿಯಲೂ ಇಲ್ಲ, ಕೋಲು ಚಾಚಿ ಎರಡು ಎಂದ. ಅಪ್ಪನ ಮನೆಯಿದ್ದ ಜಾಗದಲ್ಲಿ ನೆಲದ ದುಂಡು ಗುರುತು ಇನ್ನೂ ಅಳಿಸಿಲ್ಲ. ನಾನು ಹೋಗಿ ಅದರ ನಡುವೆ ನಿಂತು, ಮೂರು ಎಂದು ಬರೆದುಕೊಳ್ಳಿ ಎಂದೆ. ದೊರೆಯ ಜೊತೆಗಿದ್ದ ದುಭಾಷಿ ನಕ್ಕುಬಿಟ್ಟ. "ಅಲ್ಲಕ್ಕಾ, ಊರೋರೆಲ್ಲ ಇರೋ ಮನೆ ಬಚ್ಚಿಡ್ತಾರೆ, ನೀನು ಇಲ್ಲದ ಮನೆ ತೋರಿಸ್ತೀಯಲ್ಲ! ಯಾರದಿದು?" ಹೆಸರು ಹೇಳಲು ನಮ್ಮ ಮನೆಯ ಗಂಡಸರು ಯಾರೂ ಇರಲಿಲ್ಲ. ನಾನೇ ಹೇಳಿದೆ. ಮ್ಪಿಸಾನೆ. ಸೊಸೆ ಎತ್ತಬಾರದ ಮಾವನ ಹೆಸರು, ಜನ್ಮದಲ್ಲಿ ಮೊದಲ ಸಲ ನನ್ನ ಬಾಯಿಂದ ಬಂತು, ಬೈಯುವುದಿದ್ದರೆ ಬಂದು ಬೈಯಿರಿ. ನಾಳೆಯಿಂದ ನಾವಿಬ್ಬರು ಸೊಸೆಯರೂ ಹುಲ್ಲು ಕೊಯ್ಯುತ್ತೇವೆ, ನೆರೆಯವರು ಕಟ್ಟಿಕೊಡುತ್ತಾರೆ. ಆ ಹದಿನಾಲ್ಕು ಶಿಲಿಂಗಿಗೆ ನನ್ನ ಆಡುಗಳನ್ನು ಮಾರುತ್ತೇನೆ, ಅದಕ್ಕಾಗಿ ನೀವು ಅಲ್ಲಿ ಒಂದು ದಿನವೂ ನಿಲ್ಲಬೇಡಿ. ಮಣ್ಣು ಮಾಡಿದ ಜಾಗದಿಂದ ಮನೆಯವರೆಗೆ, ಸತ್ತವರ ಜೀವವನ್ನು ಕರೆತರುವ ಮುಳ್ಳುಕೊಂಬೆ ಎಳೆದು, ಅಪ್ಪಾ ಒಳಗೆ ಬಾ ಎನ್ನಲು ಮಗನೇ ಬೇಕು. ಸೊಸೆ ಕರೆದರೆ ಅವರು ಬರುವುದಿಲ್ಲ. ಕರೆದು ನೋಡಿದ್ದೇನೆ.