ಉಪ್ಪಿನ ಕೋಣೆಯ ಪಥ್ಯ

ಹರಿಣಿ ಮಗಾ,

ಪರೇಲಿನ ಆಸ್ಪತ್ರೆಯಲ್ಲಿ ನಿನಗೆ ನಂಬರ್ ಹಿಡಿಯಲು ಬೆಳಗಿನ ಮೊದಲ ಲೋಕಲ್ ರೈಲಿಗೆ ಹೊರಟೆ. ಪಕ್ಕದ ಮನೆಯ ಮನೀಶಣ್ಣ ಹೊಟೇಲಿನ ರಾತ್ರಿ ಕೆಲಸ ಮುಗಿಸಿ ಬಂದ ಕೂಡಲೇ ನಿನ್ನನ್ನು ಟ್ಯಾಕ್ಸಿಯಲ್ಲಿ ಕರೆತರುತ್ತಾನೆ. ಹತ್ತಿಯ ನೈಟಿಯಲ್ಲೇ ಬಾ, ಬಿಲ್ಡಿಂಗಿನವರು ನೋಡಿದರೆ ನೋಡಲಿ. ಫ್ಲಾಸ್ಕಿನಲ್ಲಿ ಗಂಜಿ ಇದೆ, ನಾಲ್ಕು ಚಮಚವಾದರೂ ಕುಡಿ. ಕೆರೆಯಬೇಡ ಮಾರಾಯ್ತಿ, ಹಾಸಿಗೆಯೆಲ್ಲ ರಕ್ತ.

ಚರ್ಮಕ್ಕೆ ಒಳ್ಳೆಯದೆಂದು ನೀನು ಹೋಗಿ ಕೂರುವ ಅಂಧೇರಿಯ ಉಪ್ಪಿನ ಕೋಣೆಗೆ ಇವತ್ತು ಹೋಗುವುದು ಬೇಡ. ಮೈಯೆಲ್ಲ ಕೆಂಪಾಗಿ ಚಳಿ ಹಿಡಿದದ್ದು ಆ ಉಪ್ಪಿನಿಂದಲೇ ಎಂದು ನಿನ್ನೆಯಿಂದ ಬೈಯುತ್ತಿದ್ದಿ. ಅದಲ್ಲ ಮಗಾ. ನಾಟಿ ಮದ್ದು ಹಿಡಿದವರು ಇಂಗ್ಲಿಷ್ ಮದ್ದು ಮುಟ್ಟಬಾರದು ಎಂಬುದು ನಮ್ಮ ಊರಿನ ಪಥ್ಯ. ಉಪ್ಪಿನ ಚಿಕಿತ್ಸೆಗೂ ಹಾಗೆಯೇ ಎಂದುಕೊಂಡು, ಮೂರು ವಾರದಿಂದ ನಿನ್ನ ಸೋರಿಯಾಸಿಸ್ ಮಾತ್ರೆ ಎತ್ತಿಟ್ಟು ನನ್ನ ಶಕ್ತಿಯ ಮಾತ್ರೆ ಕೊಟ್ಟೆ. ಉಪ್ಪಿನ ಕೋಣೆಯಲ್ಲಿ ಕೆಲಸದ ಹುಡುಗಿ, "ಆಜಿ, ಡಾಕ್ಟರ್ ಕಾ ದವಾ ಚಾಲೂ ಹೈ ನಾ?" ಎಂದು, ಡಾಕ್ಟರರ ಮದ್ದು ನಿಲ್ಲಿಸಿಲ್ಲ ತಾನೇ ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿದೆ. "ನೈಟ್ ಸ್ಕೂಲ್ ಪಾಸಾದ ಅಜ್ಜಿ ಇರುವಾಗ ನರ್ಸ್ ಯಾಕೆ?" ಎಂದು ನಗಾಡಿ ಮದ್ದಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟವಳು ನೀನು. ಎದುರು ನಿಂತು ಹೇಳಲಾಗದೆ ಈ ಕಾಗದ ಬರೆದಿಟ್ಟು ಹೊರಟಿದ್ದೇನೆ.

ಕನ್ನಡ ಓದಲು ತಡವರಿಸಿದರೂ ಇದನ್ನು ಪೂರ್ತಿ ಓದು. ಡಾಕ್ಟರರಿಗೆ ನಾನೇ ಹೇಳುತ್ತೇನೆ. ನನ್ನ ಮರ್ಯಾದೆ ಉಳಿಸಲು "ನಾನೇ ಮರೆತೆ, ಒಂದೆರಡು ದಿನ ಅಷ್ಟೆ" ಎಂದು ನೀನು ಸುಳ್ಳು ಹೇಳಬೇಡ. ಎಷ್ಟು ದಿನ ಮದ್ದು ನಿಂತಿದೆ ಎಂದು ಗೊತ್ತಾಗದಿದ್ದರೆ ಅವರು ಚಿಕಿತ್ಸೆ ಕೊಡುವುದು ಹೇಗೆ?

ನನ್ನ ಮುಖ ನೋಡುವುದಿಲ್ಲವಾದರೆ ನೋಡಬೇಡ. ಬರುವುದು ಮಾತ್ರ ತಪ್ಪಿಸಬೇಡ.

ಅಜ್ಜಿ